ಎಣ್ಣೆ ಒರೆಸಿದ ಬಟ್ಟೆ

ಕೆಂಚಯ್ಯ,

ನಿನ್ನ ಅತ್ತಿಗೆ ಬರೆಯುತ್ತಿದ್ದೇನೆ. ನೀನು ತೀರಿಕೊಂಡು ವರ್ಷವಾಯಿತು, ನೀನು ಕೊನೆಯವರೆಗೆ ಇದ್ದ ಗೊರೂರಿಗೆ ಈ ಕಾಗದ ಹೋಗುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ನನ್ನ ಮಗ ಕೀರ್ತಿರಾಜ್ ಹಲಸಿನ ಮಂಚ ಮಾಡಿದ್ದಾನೆ. ಮಿರಿಮಿರಿ ಮಿಂಚುವ ವಾರ್ನಿಷ್ ಹೊಡೆಯುತ್ತೇನೆ ಎಂದ. ನಮ್ಮ ಮನೆಯ ಮರಕ್ಕೆ ಅಗಸೆ ಎಣ್ಣೆಯೇ ಆಗಬೇಕು ಎಂದು ಗದರಿಸಿ, ನಾನೇ ಕೂತು ಉಜ್ಜಿದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಕೆಟ್ಟಿಗೆ ತುರುಕಿ ಊಟಕ್ಕೆ ಹೋದೆ.

ಮೂರು ಗಂಟೆಗೆ ಬಂದು ನೋಡಿದರೆ ಬಕೆಟ್ಟಿನಿಂದ ಹೊಗೆ ಏಳುತ್ತಿತ್ತು. ಕೈ ಹಾಕಿದೆ. ಮುದ್ದೆಯ ಒಳಗೆ ಕೆಂಡದ ಹಾಗೆ ಸುಡುತ್ತಿತ್ತು. ಹತ್ತಿರದಲ್ಲಿ ಒಲೆಯಿಲ್ಲ, ಕಡ್ಡಿ ಗೀರಿದವರೂ ಇಲ್ಲ; ಮುದ್ದೆಯಾದ ಎಣ್ಣೆ ಬಟ್ಟೆ ತಾನಾಗಿಯೇ ಕಾದಿತ್ತು.

ಕೀರ್ತಿರಾಜ್ ನೀರು ಸುರಿದು ನಕ್ಕ. "ಚಿಕ್ಕಪ್ಪನೇ ಬಂದು ಬೀಡಿ ಎಸ್ದು ಓಗವ್ನೆ ಕಣವ್ವ!"

ನೀನು ಇಂಥ ಎಣ್ಣೆ ಬಟ್ಟೆಗಳನ್ನು ಯಾವಾಗಲೂ ಬೇಲಿಯ ಮೇಲೆ ಒಂದೊಂದಾಗಿ ಹರವುತ್ತಿದ್ದೆ. ಅಂದು ನಿನ್ನ ಮರಗೆಲಸದ ಕೊಟ್ಟಿಗೆ ಸುಟ್ಟುಹೋದ ದಿನ, ನೆಂಟರು ಬರುತ್ತಾರೆಂದು ಅವನ್ನೆಲ್ಲ ಬಾಚಿ ಚೀಲಕ್ಕೆ ತುರುಕಿ ಕೊಟ್ಟಿಗೆಯಲ್ಲಿ ಇಟ್ಟವಳು ನಾನು.

"ಅತ್ಗೆ, ನಾನ್ ಬೀಡಿ ಅಚ್ಚೇ ಇಲ್ಲ" ಎಂದು ನೀನು ಅಂದೆ. ನಿನ್ನ ಬೀಡಿಯಿಂದಲೇ ಬೆಂಕಿ ಹತ್ತಿತು ಎಂದು ಊರಿನವರ ಎದುರಿಗೇ ನಿನ್ನನ್ನು ಮನೆಯಿಂದ ಹೊರಗೆ ಹಾಕಿದೆ.

ಇವತ್ತು ಬಟ್ಟೆಗಳನ್ನು ಬೇಲಿಯ ಮೇಲೆ ಹರವಿ ಬಂದಿದ್ದೇನೆ. "ಅತ್ತೆ, ಅಂಗೈಗೆ ಏನಾಯ್ತು, ಬೊಬ್ಬೆ ಬಂದದಲ್ಲ?" ಎಂದು ಸೊಸೆ ಸಂಘಮಿತ್ರಾ ಕೇಳಿದಳು. ಒಲೆಯ ಮೇಲಿನ ಪಾತ್ರೆ ತಾಗಿತು ಎಂದೆ.

ನಂಬಿದಳು. ನಾನು ಹೇಳಿದರೆ ಈ ಮನೆಯಲ್ಲಿ ಎಲ್ಲರೂ ನಂಬುತ್ತಾರೆ, ಕೆಂಚಯ್ಯ.