ಮುಷ್ಟಿ ಬಿಚ್ಚಲು ಬೇಕಾದದ್ದು

ಜನವರಿ 9, ಸೋಮವಾರ

ಗುರುವಾರ ಫಸ್ಟ್ ಇಯರ್ ಪ್ರಾಕ್ಟಿಕಲ್. ಅಟೆಂಡರ್ ಮತ್ತೆ ರಜೆ. ಹಿಡಿತ ಅಳೆಯುವ ಯಂತ್ರದ ಧೂಳನ್ನೂ ನಾನೇ ಒರೆಸಬೇಕಾಯಿತು. ಸ್ನಾಯುವಿನ ಪಾಠ, ಹತ್ತೊಂಬತ್ತನೇ ವರ್ಷ. ಎಟಿಪಿ ಎಂಬ ಇಂಧನ ಖರ್ಚಾದರೆ ಸ್ನಾಯು ಬಿಗಿಯುತ್ತದೆ. ಬಿಗಿದದ್ದು ಸಡಿಲವಾಗಲೂ ಅದೇ ಬೇಕು. ಈ ಎರಡನೆಯದನ್ನು ಮಾತ್ರ ಒಬ್ಬರೂ ಬರೆಯುವುದಿಲ್ಲ. ಎರಡು ಅಂಕ ಗೋವಿಂದ.

ತಮ್ಮನಿಗೆ ಫೋನ್ ಮಾಡಿದೆ. ಪ್ರತಿ ವರ್ಷ ಡೆಮೊಗೆ ಅವನೇ ಆಗಬೇಕು. ಬೇರೆಯವರು ಮೂರು ನಿಮಿಷ ಹಿಸುಕಿದರೆ ಅವನಿಗೆ ಅರ್ಧ ನಿಮಿಷಕ್ಕೇ ಸುಸ್ತು — ಗ್ರಾಫ್ ಚೆಂದ ಬರುತ್ತದೆ. ಅಪ್ಪ ಅವನಿಗೆ ಇಟ್ಟ ಹೆಸರು ಆಮೆ. ಗಡಿಯಾರ ರಿಪೇರಿ ಕಲಿತಾಗಿನಿಂದ, ಕೂತಲ್ಲೇ ಮಾಡುವ ಕೆಲಸ ಹುಡುಕಿಕೊಂಡ ಸೋಮಾರಿ ಎಂದು ಸಾಯುವವರೆಗೂ ಆಡಿಕೊಂಡರು. ನಾನೇನು ಕಡಿಮೆ!

ಜನವರಿ 12, ಸಂಜೆ

ಲಿಫ್ಟ್ ಕೆಟ್ಟಿತ್ತು. ಯಂತ್ರದ ಪೆಟ್ಟಿಗೆ ಕೆಳಗಿನ ಸ್ಟೋರಿನಲ್ಲಿ, ಲ್ಯಾಬ್ ನಾಲ್ಕನೇ ಮಹಡಿಯಲ್ಲಿ. ತಮ್ಮನಿಗೇ ಹೊರಿಸಿದೆ. ಎರಡನೇ ಮಹಡಿಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಹತ್ ನಿಮಿಷ ಕೂತ್ರೆ ಸರಿಹೋಗುತ್ತೆ ಅಕ್ಕಾ. ಆಮೇಲೆ ಎಷ್ಟ್ ಬೇಕಾದ್ರೂ ಹತ್ತುತೀನಿ."

"ನಲವತ್ತು ಜನ ಕಾಯ್ತಿದ್ದಾರೆ. ಏಳೋ, ಆಮೆ."

ಎದ್ದ. ನಾನು ಹೇಳಿದರೆ ಏಳುತ್ತಾನೆ.

ತೋಳಿಗೆ ಬಿಪಿ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಿದೆ. ಹಿಸುಕು ಎಂದೆ. ಇಪ್ಪತ್ತು ಸೆಕೆಂಡಿಗೆ ಹಣೆಯಲ್ಲಿ ಬೆವರು. ನಿಲ್ಲಿಸಬೇಡ ಎಂದೆ. ಪೂರ್ತಿ ಒಂದು ನಿಮಿಷ ಮಾಡಿಸಿದೆ. ಪಟ್ಟಿ ಬಿಚ್ಚಿದರೂ ಮುಷ್ಟಿ ಬಿಚ್ಚಲಿಲ್ಲ.

"ಬರ್ತಿಲ್ಲ ಅಕ್ಕಾ... ಬೆರಳು ಬರ್ತಿಲ್ಲ."

"ನಾಟಕ ಸಾಕು."

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ಗ್ರಾಫಿನ ಕೆಳಗೆ ಕೆಂಪು ಪೆನ್ನಿನಲ್ಲಿ ಷರಾ: ಪ್ರಯತ್ನ ಸಾಲದು. ಎಂಟು ವರ್ಷದಿಂದ ಅದೇ ಷರಾ.

ಜನವರಿ 13

ತಮ್ಮನ ಹೆಂಡತಿಯ ಫೋನ್. ಮೂತ್ರ ಕಪ್ಪು ಚಹಾದ ಬಣ್ಣ ಇದೆಯಂತೆ. ತೊಡೆ, ತೋಳು ಕಲ್ಲಿನ ಹಾಗಾಗಿವೆಯಂತೆ. ನೀರು ಜಾಸ್ತಿ ಕುಡಿಸು, ಎರಡು ದಿನ ನೋಡೋಣ ಎಂದೆ. ಮನೆಯಲ್ಲಿ ಓದಿದವಳು ನಾನೊಬ್ಬಳೇ. ನನ್ನ ಮಾತು ಕೇಳಿದರು.

ಜನವರಿ 16

ಡಯಾಲಿಸಿಸ್ ಶುರು.

ಜನವರಿ 30

ರಿಪೋರ್ಟ್ ಬಂತು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಒಡೆಯುವ ಕಿಣ್ವ ಅವನಿಗೆ ಹುಟ್ಟಿದಾಗಿನಿಂದ ಇಲ್ಲ. ಉಗ್ರಾಣ ತುಂಬಿದೆ, ಬೀಗದಕೈ ಇಲ್ಲ. ತಡೆದು ನಿಧಾನಿಸಿದರೆ ರಕ್ತದಿಂದ ಬೇರೆ ಇಂಧನ ಬಂದು ಸೇರುತ್ತದೆ. ಅದಕ್ಕೆ ಹಿಡಿಯುವುದು ಸುಮಾರು ಹತ್ತು ನಿಮಿಷ. ಕಾಯದೆ ದುಡಿಸಿದರೆ ಸ್ನಾಯುವೇ ಒಡೆದು ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸುತ್ತದೆ.

ಡಾಕ್ಟರ್ ಸಹಜವಾಗಿಯೇ ಕೇಳಿದರು: "ನೀವು ಇದನ್ನೇ ಪಾಠ ಮಾಡ್ತೀರಂತಲ್ಲ, ಮೇಡಂ?"

ಪುಸ್ತಕದಲ್ಲಿದೆ. ಸಣ್ಣ ಅಕ್ಷರದ ಪ್ಯಾರಾ. ಪರೀಕ್ಷೆಗೆ ಬರುವುದಿಲ್ಲ, ಬಿಡಿ ಎನ್ನುತ್ತಿದ್ದೆ ಪ್ರತಿ ವರ್ಷ.

ಫೆಬ್ರವರಿ 2

ಅವನ ಎಂಟು ವರ್ಷದ ಎಂಟೂ ಗ್ರಾಫ್ ಮೇಜಿನ ಮೇಲೆ ಹರಡಿಕೊಂಡು ಕೂತೆ. ಎಂಟರಲ್ಲೂ ಅದೇ ಗೆರೆ, ಅದೇ ಜಾಗದಲ್ಲಿ ಕುಸಿತ. ಸೋಮಾರಿಯಾಗಿದ್ದರೆ ಒಂದೊಂದು ವರ್ಷ ಒಂದೊಂದು ಥರ ಇರುತ್ತಿತ್ತು. ಇಷ್ಟು ತಿಳಿಯಲು ಡಿಗ್ರಿಯೂ ಬೇಕಿರಲಿಲ್ಲ. ನಾಚಿಕೆಯಾಗುತ್ತದೆ. ನಾಚಿಕೆ ತೀರಾ ಸಣ್ಣ ಮಾತು.

ಫೆಬ್ರವರಿ 21

ಕಿಡ್ನಿ ಇನ್ನು ಚೇತರಿಸಿಕೊಳ್ಳುವ ಲಕ್ಷಣ ಇಲ್ಲ ಎಂದರು. ಹೃದಯದ ಬಡಿತವೂ ತಾಳ ತಪ್ಪುತ್ತಿದೆಯಂತೆ. ಇವತ್ತು ಧೈರ್ಯ ಮಾಡಿ ಅವನ ಹತ್ತಿರ ಕೂತೆ.

"ನೀನು ಸೋಮಾರಿ ಅಲ್ಲ ಕಣೋ. ಹುಟ್ಟಿದಾಗಿಂದ ಇದ್ದ ಕಾಯಿಲೆ."

ಅವನು ಫ್ಯಾನ್ ನೋಡುತ್ತ ಅಂದ: "ಅಪ್ಪ ಇದ್ದಾಗ ಗೊತ್ತಾಗಿದ್ರೆ ಚೆನ್ನಾಗಿರ್ತಿತ್ತು."

ನಾನು ತಲೆ ತಗ್ಗಿಸಿದೆ. ಅವನು ನನ್ನ ಕೈ ತಟ್ಟಿದ.

"ನನಗೇನೋ ಇದೆ ಅಂತ ನಿನಗೆ ಅನುಮಾನ ಇದೆ ಅಂದ್ಕೊಂಡಿದ್ದೆ ಅಕ್ಕಾ. ಅದಕ್ಕೇ ಪ್ರತಿ ವರ್ಷ ಕರೆದು ಟೆಸ್ಟ್ ಮಾಡ್ತೀಯ ಅಂತ. ಒಂದಲ್ಲ ಒಂದಿನ ಕಂಡುಹಿಡೀತಾಳೆ ಅಂತ ಬರ್ತಿದ್ದೆ."

ಮಾರ್ಚ್ 28

ಅವನು ಹೋಗಿ ಒಂಬತ್ತು ದಿನ. ಕೆಲಸಕ್ಕೆ ಬಂದೆ. ಮನೆಯಲ್ಲಿ ಕೂತು ಮಾಡುವುದಾದರೂ ಏನು.

ಉತ್ತರಪತ್ರಿಕೆಗಳ ಕಟ್ಟು ಕಾಯುತ್ತಿತ್ತು. ನಲವತ್ತರಲ್ಲಿ ಮೂವತ್ತೊಂಬತ್ತು ಜನ ಎರಡನೆಯದನ್ನು ಬಿಟ್ಟಿದ್ದಾರೆ. ಒಬ್ಬಳು ಬರೆದಿದ್ದಾಳೆ, ಹಿಂದಿನ ಬೆಂಚಿನ ಹುಡುಗಿ, ಇಡೀ ವರ್ಷ ಬಾಯಿ ಬಿಡದವಳು. ಬಿಗಿದ ಸ್ನಾಯು ಸಡಿಲವಾಗಲೂ ಎಟಿಪಿ ಬೇಕು, ಅದು ಮುಗಿದುಹೋದರೆ ಬಯಸಿದರೂ ಸಡಿಲಿಸಲಾಗದು. ಉದಾಹರಣೆ: ಜನವರಿ 12ರಂದು ಲ್ಯಾಬಿನಲ್ಲಿ ಮೇಡಂ ಅವರ ತಮ್ಮನ ಮುಷ್ಟಿ.

ಸರಿಯುತ್ತರ. ಎರಡಕ್ಕೆ ಎರಡು. ಕೆಂಪು ಪೆನ್ನು ತೆಗೆದೆ. ಅಂಕದ ಪಕ್ಕದಲ್ಲಿ ಷರಾ ಬರೆಯಬೇಕು...