ಅಪ್ಪನಿಗೆ ದಾರಿ ಹೇಳುವುದು

ಹಾಂಗ್‌ಕಾಂಗ್ ವಿಮಾನ ನಿಲ್ದಾಣ
೨ ಏಪ್ರಿಲ್ ೧೯೯೪

ಅಕ್ಕಾ,

ತೈಪೆಯಿಂದ ಅಪ್ಪ ಹುಟ್ಟಿದ ಶಿಯಾಮೆನ್‌ಗೆ ನೆಟ್ಟಗೆ ಹಾರಿದರೆ ಒಂದು ಗಂಟೆಯ ದಾರಿ. ಆದರೆ ಚೀನಾ, ತೈವಾನ್ ಎರಡು ಸರ್ಕಾರಗಳಿಗೂ ಮಾತುಕತೆ ಇಲ್ಲವಲ್ಲ, ನೆಟ್ಟಗೆ ಹಾರುವ ಹಾಗಿಲ್ಲ. ಕೈ ಸುತ್ತಿ ಮೂಗು ಹಿಡಿದ ಹಾಗೆ ಹಾಂಗ್‌ಕಾಂಗ್‌ಗೆ ಬಂದು, ಬೆಳಗಿನಿಂದ ಇನ್ನೊಂದು ವಿಮಾನಕ್ಕೆ ಕಾಯುತ್ತಿದ್ದೇನೆ. ಮಂಡಿ ಊದಿದೆ, ನೀನು ಕೊಟ್ಟ ಎಣ್ಣೆ ಹಚ್ಚಿಕೊಂಡೆ.

ಅಪ್ಪನ ಅಸ್ಥಿಯ ಭರಣಿ ಮಡಿಲಲ್ಲೇ ಇದೆ. ಜೀವ ದಾರಿ ತಪ್ಪಿ ಹಿಂದೆ ಉಳಿಯಬಾರದೆಂದು ನೀನು ಹೇಳಿದ ಹಾಗೆ ಪ್ರತಿ ತಿರುವಿನಲ್ಲೂ ಹೇಳುತ್ತಾ ಬಂದೆ: "ಅಪ್ಪಾ, ಮೆಟ್ಟಿಲು ಹತ್ತು. ಅಪ್ಪಾ, ಇಲ್ಲಿ ಇಳಿ."

ಕೌಂಟರಿನ ಹುಡುಗಿ, "ಯಾರ ಹತ್ರ ಮಾತಾಡ್ತಿದೀರಿ?" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಭರಣಿಯನ್ನು ಅವಳ ಮುಂದೆಯೇ ಇಟ್ಟೆ. "ನಮ್ಮಪ್ಪ. ಆ ಕಾಲದಲ್ಲಿ ಶಿಯಾಮೆನ್‌ನಿಂದ ಹಡಗು ಹತ್ತಿ ಒಂದೇ ರಾತ್ರೀಲಿ ತೈವಾನಿಗೆ ಬಂದಿದ್ರು. ಇವತ್ತು ವಿಮಾನದಲ್ಲಿ ಹೊರಟೂ ಯಾಕೆ ಇನ್ನೂ ಮುಟ್ಟಿಲ್ಲ ಅಂತ ನೀನೇ ಅವರಿಗೆ ಹೇಳಮ್ಮ."

ಅವಳು ಭರಣಿಗೆ ತಲೆಬಾಗಿ, ತಗ್ಗಿದ ದನಿಯಲ್ಲಿ ಹೇಳಿದಳು: "ತಾತ, ನಿಮ್ಮ ವಿಮಾನ ಇನ್ನೂ ಎರಡು ಗಂಟೆ ತಡ."

ನಿನ್ನ ತಂಗಿ,
ಬೀಸೋಕ್