ಬಟನ್ ಸಂದಿಯ ಕುಂಕುಮ

ಜೂನ್ 17, ಮಂಗಳವಾರ. ಅಕ್ಕಿಆಲೂರು

ಕ್ಯಾಮೆರಾ ಅಂಗಡಿಯ ಮಾಲತೇಶನ ಮೇಲಿನ ಗುಮಾನಿ ಹೋಗುತ್ತಿಲ್ಲ. ಹೋದ ತಿಂಗಳು ತೊಟ್ಟಿಲ ಕಾರ್ಯಕ್ರಮದ ಫೋಟೊ ತೆಗೆಯುವಾಗ ನನ್ನ ಕ್ಯಾಮೆರಾ ಬಿತ್ತಲ್ಲ, ರಿಪೇರಿಗೆ ಒಯ್ದಾಗ ಅವನು, “ಇದು ರಿಪೇರಿ ಆಗೂದಿಲ್ರಿ ಅಕ್ಕಾರ, ನನ್ನ ಕಡೆನ ಬಿಟ್ಟುಬಿಡ್ರಿ” ಅಂದಿದ್ದ. ಬಿಟ್ಟು ಬಂದಿದ್ದೆ.

ಇವತ್ತು ಹಾನಗಲ್ಲಿನ ಅವನ ಅಂಗಡಿಗೆ ಹೋಗಿ ಅಗ್ಗದ್ದೊಂದು ಕೇಳಿದರೆ, ಹಳೆಯ ಕ್ಯಾಮೆರಾ ಮುಂದಿಟ್ಟ. ಅದೇ ಕಂಪನಿ, ಅದೇ ಮಾಡೆಲ್, ಬೆಲ್ಟ್ ಮಾತ್ರ ಹೊಸದು.

“ಹುಬ್ಬಳ್ಳಿ ಸಾಹೇಬ್ರದ್ರಿ. ಕಪಾಟಿನಾಗ ಇತ್ತು, ಯಾರೂ ಮುಟ್ಟಿಲ್ಲ.”

ಬಟನ್ ಸಂದಿಯಲ್ಲಿ ಕುಂಕುಮ! ಪ್ರತಿ ವರ್ಷ ದಸರೆಯ ಖಂಡೆ ಪೂಜೆಗೆ ನನ್ನ ಕ್ಯಾಮೆರಾಕ್ಕೆ ನಾನು ಹಚ್ಚುವುದೂ ಅಲ್ಲೇ. ಉಗುರಿನಿಂದ ಕೆರೆದು ನೋಡಿದೆ. ಒಂದು ರೂಪಾಯಿ ಬಿಡದವನು, ನಾನು ಬಾಯಿ ತೆರೆಯುವ ಮೊದಲೇ, “ಐನೂರು ಕಮ್ಮಿ ಕೊಡ್ರಿ, ನೀವೇನ್ ಬ್ಯಾರೆದವರಲ್ಲ” ಅಂದ.

ಉಗುರು ಇನ್ನೂ ಕೆಂಪಗಿದೆ. ನನ್ನದೇ ಕ್ಯಾಮೆರಾಕ್ಕೆ ಮುಂಗಡ ಬೇರೆ ಕೊಟ್ಟು ಬಂದೆನೇ?